ತಗಡಿನ ಮೇಲೆ ಬರೆದ ನಂಬರು

ಬುಧವಾರ ಬೆಳಿಗ್ಗೆ ಪೀಣ್ಯ ಎರಡನೇ ಹಂತದಲ್ಲಿರುವ ನೆರವು ಸಂಸ್ಥೆಯೊಂದರ ಗೋಡೌನಿನಲ್ಲಿ ಸತ್ಯವತಿಯವರ ಮೇಜಿಗೆ ಒಂದು ಹಾಳೆ ಬಂತು. ಸಹಿ ಹಾಕಬೇಕಾದ ಜಾಗದಲ್ಲಿ ಯಾರೋ ಪೆನ್ಸಿಲಿನಿಂದ ಇಂಟು ಗುರುತು ಹಾಕಿ ಕಳಿಸಿದ್ದರು. ಹಾಳೆಯಲ್ಲಿದ್ದದ್ದು ಇಷ್ಟು: ಬೆಳ್ಳಂದೂರಿನ ಕೆರೆ ಬದಿಯ ಶೆಡ್ಡುಗಳಲ್ಲಿರುವ ನೂರಾ ಹದಿನೆಂಟು ಕುಟುಂಬಗಳಿಗೆಂದು ತೆಗೆದಿಟ್ಟ ನೆರವಿನ ಕಿಟ್ಟುಗಳ ಪೈಕಿ ಐವತ್ತೈದನ್ನು ಹಂಚಲಾಗಿದೆ. ಉಳಿದ ಅರವತ್ತಮೂರು ಕುಟುಂಬಗಳು ಪತ್ತೆಯಾಗಿಲ್ಲ. ಆದ್ದರಿಂದ ಆ ಕಿಟ್ಟುಗಳನ್ನು ಶನಿವಾರ ವೈಟ್‌ಫೀಲ್ಡಿನಲ್ಲಿ ನಡೆಯುವ ಸಮಾರಂಭಕ್ಕೆ ವರ್ಗಾಯಿಸಲು ಪ್ರೋಗ್ರಾಂ ಸಪೋರ್ಟ್ ಮ್ಯಾನೇಜರ್ ಒಪ್ಪಿದ್ದಾರೆ.

ಒಪ್ಪಿದ್ದಾರೆ ಎಂದು ಮೊದಲೇ ಟೈಪಾಗಿತ್ತು. ಆ ಮ್ಯಾನೇಜರ್ ಸತ್ಯವತಿಯೇ, ಅವರು ಒಪ್ಪುವುದೊಂದು ಉಳಿದಿತ್ತು.

ಕೆರೆಯ ನೀರು ಶೆಡ್ಡುಗಳಿಗೆ ನುಗ್ಗಿ ಆಗ ಹತ್ತು ದಿನ. ಅರವತ್ತಮೂರು ಕುಟುಂಬ ಎಂದರೆ ಕಡಿಮೆಯೆಂದರೂ ಇನ್ನೂರೈವತ್ತು ಜನ. ಹೊರವರ್ತುಲ ರಸ್ತೆಯ ಪಕ್ಕದ ಯಾವುದಾದರೂ ಅಪಾರ್ಟ್‌ಮೆಂಟಿನಿಂದ ಇನ್ನೂರೈವತ್ತು ಜನ ಕಾಣೆಯಾಗಿದ್ದರೆ ಪೊಲೀಸರು ಬರುತ್ತಿದ್ದರು, ಟಿವಿಯವರು ಬರುತ್ತಿದ್ದರು, ಮಂತ್ರಿಗಳು ಬೂಟು ಹಾಕಿಕೊಂಡು ನೀರಿಗಿಳಿಯುತ್ತಿದ್ದರು. ಇವರ ಪಾಲಿಗೆ ಬಂದದ್ದು ಒಂದು ಹಾಳೆ, ಒಂದು ಪೆನ್ಸಿಲ್ ಗುರುತು. ಆ ಜನ ಇನ್ನೂ ಒದ್ದೆ ನೆಲದ ಮೇಲೆ ಮಲಗುತ್ತಿದ್ದರು. ಅವರಿಗೆಂದು ಕೊಂಡ ಕಂಬಳಿ, ಟಾರ್ಪಾಲು, ಸೊಳ್ಳೆಪರದೆ, ಪಾತ್ರೆಗಳು ನೀಲಿ ಬಕೆಟ್ಟುಗಳಲ್ಲಿ ಪೀಣ್ಯದ ಗೋಡೌನಿನಲ್ಲಿ ಬೆಚ್ಚಗೆ ಕೂತಿದ್ದವು.

ಸತ್ಯವತಿ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಡ್ರೈವರ್ ಇರಣ್ಣನಿಗೆ ಟೆಂಪೊ ತೆಗೆಯಲು ಹೇಳಿದರು.

ಈ ಹೆಂಗಸಿಗೆ ಐವತ್ತನಾಲ್ಕು ವರ್ಷ. ಹುದ್ದೆಯ ಹೆಸರು ಕೇಳಿದರೆ ಏನೋ ದೊಡ್ಡದು ಅನಿಸುತ್ತದೆ, ಕೆಲಸ ಏನೆಂದು ಯಾರಿಗೂ ತಿಳಿಯುವುದಿಲ್ಲ. ಎಲ್ಲಾದರೂ ನೀರು ನುಗ್ಗಿದಾಗ, ಬೆಂಕಿ ಬಿದ್ದಾಗ, ಸಂಸ್ಥೆಯ ಅಂಗಿ ತೊಟ್ಟವರು ಹೋಗಿ ಒಂದು ಕಂಬಳಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಕಂಬಳಿ ಅಲ್ಲಿಗೆ ಬಂದಿರಬೇಕು. ಬಂದ ಕಂಬಳಿಗೆ ಮುಗ್ಗಲು ವಾಸನೆ ಇರಬಾರದು. ಅದನ್ನು ಹೊತ್ತ ಲಾರಿ ಗೊರಗುಂಟೆಪಾಳ್ಯದ ಜಾಮಿನಲ್ಲಿ ಕೊಳೆಯದೆ ಹೊತ್ತಿಗೆ ಮುಟ್ಟಬೇಕು. ಯಾರಿಗೆ ಕೊಡಬೇಕು ಎಂಬ ಪಟ್ಟಿ ಸರಿಯಿರಬೇಕು. ಇಷ್ಟನ್ನೂ ಮಾಡುವವರು ಸತ್ಯವತಿ. ಫೋಟೋದಲ್ಲಿ ಅವರು ಇರುವುದಿಲ್ಲ, ಅಷ್ಟು ಹೊತ್ತಿಗೆ ಅವರು ಇನ್ನೊಂದು ಲಾರಿಯ ಹಗ್ಗ ಬಿಗಿಯಾಗಿದೆಯೇ ಎಂದು ಎಳೆದು ನೋಡುತ್ತಿರುತ್ತಾರೆ.

ಅವರು ಹುಟ್ಟಿ ಬೆಳೆದದ್ದು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ತಂದೆ ವಾದಿರಾಜ ಆ ಕಾರ್ಖಾನೆಯ ಟೂಲ್ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಮಗಳು ಬಿ.ಕಾಂ. ಮುಗಿಸಿ ಪೀಣ್ಯದಲ್ಲಿ ಗೇರು ಚಕ್ರ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆದರು. ಹದಿನೆಂಟು ವರ್ಷದ ಮೇಲೆ ಅದಕ್ಕೆ ಬೀಗ ಬಿತ್ತು. ಮರುವರ್ಷ ಕೊರೊನಾ ಬಂದು ರಾಜಗೋಪಾಲನಗರದ ಒಂದೊಂದು ರೂಮಿನಲ್ಲಿ ಎಂಟೆಂಟು ಕಾರ್ಮಿಕರು ಅಕ್ಕಿಯಿಲ್ಲದೆ ಸಿಕ್ಕಿಕೊಂಡಾಗ, ಸತ್ಯವತಿ ತಮ್ಮ ಬೀದಿಯ ಕಲ್ಯಾಣ ಮಂಟಪವನ್ನೇ ಸ್ಟೋರು ಮಾಡಿದರು. ಯಾವ ರೂಮಿಗೆ ಯಾವ ದಿನ ಎಷ್ಟು ಎಂದು ಗೋಡೆಗೆ ಬರೆದು ನಾಲ್ಕು ಸಾವಿರ ಜನಕ್ಕೆ ಅಕ್ಕಿ ಬೇಳೆ ಮುಟ್ಟಿಸಿದರು. ತಳ್ಳಾಟ ಇಲ್ಲ, ಲಾಠಿ ಇಲ್ಲ. ಅದನ್ನು ನೋಡಿದ ಈ ನೆರವು ಸಂಸ್ಥೆ ಅವರನ್ನು ಕೆಲಸಕ್ಕೆ ಕರೆಯಿತು. ಅಂದಿನಿಂದ ಅವರು ಅಲ್ಲೇ, ವರ್ಷ ವರ್ಷಕ್ಕೆ ನವೀಕರಿಸುವ ಕಾಂಟ್ರಾಕ್ಟಿನ ಮೇಲೆ.

ಟೆಂಪೊ ಬೆಳ್ಳಂದೂರು ಮುಟ್ಟಿದಾಗ ಹನ್ನೊಂದೂವರೆ. ಶೆಡ್ಡುಗಳ ಜಾಗದ ಮಾಲೀಕ ಲಕ್ಷ್ಮಣಪ್ಪ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಇವರು ಇಳಿಯುವ ಮೊದಲೇ ಅವನು ಬಾಯಿಪಾಠ ಒಪ್ಪಿಸಿದ. ನೀರು ಬಂತು, ಜನ ಹೆದರಿದರು, ಅರ್ಧಕ್ಕರ್ಧ ಊರಿಗೆ ಹೋದರು, ಪಾಪ. ಮೊನ್ನೆ ಟ್ಯಾಬ್ ಹಿಡಿದುಕೊಂಡು ಪರಿಶೀಲನೆಗೆ ಬಂದಿದ್ದ ಏಜೆನ್ಸಿಯವರಿಗೂ ಅದನ್ನೇ ಹೇಳಿದ್ದ. ಸತ್ಯವತಿ ಕೈಮುಗಿದು ಒಳಗೆ ನಡೆದರು.

ಆ ಜಾಗ ಅವರಿಗೆ ಹೊಸದಲ್ಲ. ಜುಲೈನಲ್ಲಿ, ಮಳೆ ಜೋರಾಗುವ ಮೊದಲು, ಕೆರೆ ಬದಿಯಲ್ಲಿ ಯಾರ್‍ಯಾರಿದ್ದಾರೆ ಎಂದು ಪಟ್ಟಿ ಮಾಡಿಟ್ಟುಕೊಳ್ಳೋಣ, ಕೆರೆ ಉಕ್ಕಿದರೆ ಒದ್ದಾಡುವುದು ಬೇಡ ಎಂದು ಹೇಳಿದವರೇ ಅವರು. ಆಗ ಒಂದು ತೊಡಕು ಬಂದಿತ್ತು. ಇಲ್ಲಿರುವವರೆಲ್ಲ ಯಾದಗಿರಿ, ರಾಯಚೂರು ಕಡೆಯ ಗಾರೆ ಕೆಲಸದವರು. ಆಧಾರಿನಲ್ಲಿ ಊರಿನ ವಿಳಾಸ, ಮೊಬೈಲ್ ನಂಬರು ತಿಂಗಳಿಗೊಂದು. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಸತ್ಯವತಿಯೇ ಉಪಾಯ ಹೇಳಿದ್ದರು. ಸ್ಟೋರಿನ ರ್‍ಯಾಕಿಗೆ ನಂಬರು ಹಾಕುವಂತೆ ಶೆಡ್ಡಿಗೆ ನಂಬರು ಹಾಕಿಸಿ, ನಂಬರಿನ ಎದುರು ಮನೆ ಯಜಮಾನನ ಹೆಸರು ಬರೆಯಿರಿ. ಹಳದಿ ಬಣ್ಣದಲ್ಲಿ ಒಂದರಿಂದ ನೂರಾ ಹದಿನೆಂಟರವರೆಗೆ, ಪ್ರತಿ ಬಾಗಿಲ ತಗಡಿನ ಮೇಲೂ ಅಚ್ಚುಕಟ್ಟಾಗಿ ಬರೆಸಿದರು. ಬರೆಸಿ ಮುಗಿದ ದಿನ ಸಾಲಿನ ತುದಿಯಲ್ಲಿ ನಿಂತು ನೋಡಿ ಸಂತೋಷಪಟ್ಟಿದ್ದರಂತೆ. ಆಮೇಲೆ ಇದನ್ನೆಲ್ಲ ಕೇಳಿ ಬರೆಯಲು ಹೋದ ನನಗೆ ಅದನ್ನು ಅವರೇ ಹೇಳಿದರು, ಮುಚ್ಚಿಡಲಿಲ್ಲ.

ಈಗ ಅಲ್ಲಿ ಸಾಲು ಎನ್ನುವುದೇ ಇರಲಿಲ್ಲ. ನೀರು ಇಳಿದ ಮೇಲೆ ಲಕ್ಷ್ಮಣಪ್ಪ ಜೆಸಿಬಿ ತರಿಸಿ ತಗ್ಗಿನ ಅರ್ಧ ಜಾಗವನ್ನು ಬಿಟ್ಟು ದಿಬ್ಬದ ಕಡೆ ಹೊಸದಾಗಿ ಶೆಡ್ಡು ಎಬ್ಬಿಸಿದ್ದ. ನೂರಾ ಹದಿನೆಂಟು ಇದ್ದ ಕಡೆ ಎಂಬತ್ತು. ಕೈಗೆ ಸಿಕ್ಕ ತಗಡು ಸಿಕ್ಕ ಕಡೆಗೆ. ನಲವತ್ತೊಂದು ಎಂದು ಬರೆದಿದ್ದ ಬಾಗಿಲು ಕಕ್ಕಸಿನ ಮರೆಯಾಗಿ ತಲೆಕೆಳಗಾಗಿ ನಿಂತಿತ್ತು. ಎಪ್ಪತ್ತೆರಡು ಒಂದು ಮನೆಯ ಸೂರಾಗಿತ್ತು. ಹದಿನಾರರ ತಗಡು ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಬಹಳ ಶೆಡ್ಡುಗಳಲ್ಲಿ ಎರಡೆರಡು ಕುಟುಂಬ ತುಂಬಿದ್ದ, ಬಾಡಿಗೆ ಮಾತ್ರ ಎರಡೂ ಕಡೆಯಿಂದ ಪೂರ್ತಿ. ಯಾರಾದರೂ ತಲೆ ಎಣಿಸಿದರೆ ಆ ದುಪ್ಪಟ್ಟು ಬಾಡಿಗೆ ಬಯಲಾಗುತ್ತಿತ್ತು. ಜನ ಊರಿಗೆ ಹೋದರು ಎಂದು ಯಾಕೆ ಹೇಳುತ್ತಿದ್ದಾನೆ ಎಂಬುದು ಸತ್ಯವತಿಯವರಿಗೆ ಆಗ ತಿಳಿಯಿತು.

ಏಜೆನ್ಸಿಯವರು ಟ್ಯಾಬಿನಲ್ಲಿ ನಂಬರು ಒತ್ತಿದ್ದಾರೆ, ಬಾಗಿಲು ತಟ್ಟಿದ್ದಾರೆ, ಒಳಗಿದ್ದವರ ಹೆಸರು ಬೇರೆ ಬಂದಿದೆ. ಕೆಲವು ಕಡೆ ನಂಬರೇ ಇಲ್ಲ. ಪತ್ತೆಯಾಗಿಲ್ಲ ಎಂದು ಬರೆದು ಹೋಗಿದ್ದಾರೆ. ಒಳಗಿದ್ದ ಮನುಷ್ಯನನ್ನು ನೀನು ಯಾರಪ್ಪ ಎಂದು ಒಬ್ಬರೂ ಕೇಳಿಲ್ಲ. ಟ್ಯಾಬಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ದೇವಿಂದ್ರಮ್ಮ ಎಂಬ ಹೆಂಗಸು ಇವರ ಗುರುತು ಹಿಡಿದಳು. ಜುಲೈನಲ್ಲಿ ಆಕೆಯ ಬಾಗಿಲ ಮೇಲೆ ಎಂಬತ್ತಾರು ಎಂದು ಬರೆಸಿದ್ದರು. ಸಿಟ್ಟಿಗೆ ಆಕೆಯ ಧ್ವನಿ ಏರಲಿಲ್ಲ, ಇನ್ನೂ ಇಳಿಯಿತು.

"ಅಕ್ಕೋರೆ, ಅವತ್ತು ನೀವು ನಂಬರ ಬರ್ದದ್ದು ನಮ್ಮ ಮ್ಯಾಲೇನ್ರಿ? ತಗಡಿನ ಮ್ಯಾಲ ಬರ್ದ್ರಿ. ತಗಡ ಹೋತು. ನಾವೂ ಹೋದಿವಿ ಅಂತ ಬರ್ಕೊಂಡ್ರಿ."

ಸತ್ಯವತಿ ಅಲ್ಲೇ ಉರುಳಿಬಿದ್ದಿದ್ದ ಸಿಮೆಂಟ್ ಇಟ್ಟಿಗೆಯ ಮೇಲೆ ಕೂತರು.

ಅವರಿಗೆ ನೆನಪಾದದ್ದು ಅಪ್ಪನ ಹಿತ್ತಾಳೆ ಬಿಲ್ಲೆಗಳು. ಆ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನಿಗೂ ನಂಬರು ಒತ್ತಿದ ನಾಲ್ಕೈದು ಬಿಲ್ಲೆ ಕೊಡುತ್ತಿದ್ದರು. ಸ್ಟೋರ್ಸಿನಿಂದ ಒಂದು ಹತ್ಯಾರ ಬೇಕಾದರೆ ಬಿಲ್ಲೆ ಕೊಡಬೇಕು. ಹತ್ಯಾರ ಇದ್ದ ಕೊಕ್ಕೆಗೆ ವಾದಿರಾಜರು ಆ ಬಿಲ್ಲೆ ತೂಗುಹಾಕುತ್ತಿದ್ದರು. ಹತ್ಯಾರ ವಾಪಸು ಬಂದಾಗ ಬಿಲ್ಲೆ ವಾಪಸು. ಸತ್ಯವತಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಪೇಂಟ್ ವಿಭಾಗಕ್ಕೆ ಬೆಂಕಿ ಬಿತ್ತು. ಎಲ್ಲರೂ ಮೈದಾನಕ್ಕೆ ಓಡಿದರು. ಸೂಪರ್‌ವೈಸರ್ ಹಾಜರಿ ಪುಸ್ತಕ ನೋಡಿ ಎಲ್ಲರೂ ಹೊರಗೆ ಬಂದಿದ್ದಾರೆ ಎಂದ. ವಾದಿರಾಜರು ಓಡಿ ಬರುವಾಗ ಕೊಕ್ಕೆಗಳಲ್ಲಿದ್ದ ಬಿಲ್ಲೆಗಳನ್ನೆಲ್ಲ ಟವೆಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಮೈದಾನದ ನಡುವೆ ನಿಂತು ಒಂದೊಂದೇ ನಂಬರು ಕೂಗಿದರು. ಪ್ರತಿ ನಂಬರಿಗೂ ಒಬ್ಬ ಓಗೊಟ್ಟ. ಸಾವಿರದ ನೂರ ಎಪ್ಪತ್ತನಾಲ್ಕಕ್ಕೆ ಯಾರೂ ಓಗೊಡಲಿಲ್ಲ. ಮೂರು ಸಲ ಕೂಗಿ, ಒಳಗೆ ಒಬ್ಬ ಇದ್ದಾನೆ ಎಂದರು. ಇದ್ದ. ಹೊಗೆಗೆ ತಲೆಸುತ್ತಿ ಮೆಟ್ಟಿಲ ಕೆಳಗೆ ಬಿದ್ದಿದ್ದವನನ್ನು ಹೊತ್ತು ತಂದರು. ಬದುಕಿದ.

ಆ ನಂಬರು ಯಂತ್ರದ್ದಲ್ಲ, ರ್‍ಯಾಕಿನದಲ್ಲ. ಮನುಷ್ಯನದು. ವಿಭಾಗ ಬದಲಾದರೂ ನಂಬರು ಅವನ ಜೊತೆಗೇ ಹೋಗುತ್ತಿತ್ತು. ಇದನ್ನು ನೋಡಿಕೊಂಡೇ ಬೆಳೆದ ಮಗಳು, ಹದಿನೆಂಟು ವರ್ಷ ರ್‍ಯಾಕುಗಳ ನಡುವೆ ಇದ್ದು ಇದ್ದು, ಮನುಷ್ಯರಿಗೆ ಹಾಕಬೇಕಾದ ನಂಬರನ್ನು ತಗಡಿಗೆ ಹಾಕಿಸಿದ್ದರು. ರ್‍ಯಾಕಿನ ತಗಡು ತೇಲಿ ಹೋಗುವುದಿಲ್ಲ. ಸ್ಟೋರಿನವರು ಮಾತ್ರ ಮಾಡಬಹುದಾದ ತಪ್ಪು ಅದು.

"ದೇವಿಂದ್ರಮ್ಮ, ನಿಮ್ಮ ಎಡಕ್ಕೆ ಯಾರಿದ್ರು ಆಗ? ಬಲಕ್ಕೆ ಯಾರಿದ್ರು?"

ಆಕೆ ಅನುಮಾನದಿಂದ ನೋಡಿದಳು. ಎಡಕ್ಕೆ ಮೌನೇಶ, ಅವನ ತಾಯಿಗೆ ಕಣ್ಣು ಕಾಣುವುದಿಲ್ಲ ಎಂದಳು. ಬಲಕ್ಕೆ ಹಣಮಂತ. ಅವನ ಹೆಸರು ಬಂದದ್ದೇ ಆಕೆಗೆ ಹಳೆಯ ಜಗಳ ನೆನಪಾಯಿತು. "ನನ್ನ ಕೋಳಿ ಅವನ ಒಲಿಯಾಗ ಹೋಗಿ ತತ್ತಿ ಇಡತಿತ್ತು. ತತ್ತಿ ಅವನೇ ತಿಂತಿದ್ದ. ಕೇಳಿದ್ರ ಒಲಿ ನಂದು ಅಂತಿದ್ದ."

ಸತ್ಯವತಿ ಜುಲೈನ ಪಟ್ಟಿ ತೆಗೆದು ನೋಡಿದರು. ಎಂಬತ್ತೈದು ಮೌನೇಶ. ಎಂಬತ್ತೇಳು ಹಣಮಂತ. ಇಟ್ಟಿಗೆಯ ಮೇಲಿಂದ ಎದ್ದರು. ಯಾವ ಟ್ಯಾಬಿಗೂ ಗೊತ್ತಿಲ್ಲದ, ಯಾರೂ ಸುಳ್ಳು ಹೇಳಲಾಗದ ಒಂದು ಗುರುತು ಅವರಿಗೆ ಸಿಕ್ಕಿತ್ತು. ಪಕ್ಕದ ಮನೆಯವರು ಯಾರು ಎಂಬುದು ಅಲ್ಲಿ ಬಾಳಿದವರಿಗೆ ಮಾತ್ರ ಗೊತ್ತು.

ಅಲ್ಲಿಂದ ಅವರು ಹೋದದ್ದು ಸಂಸ್ಥೆಯ ಕಚೇರಿಗೆ, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರ ಏಳನೇ ಮಹಡಿ. ಕಾರ್ಯಕ್ರಮಗಳ ಮುಖ್ಯಸ್ಥೆ ನಿವೇದಿತಾ ಗದಗದ ಕಡೆಯವರು, ಮೂವತ್ತೆಂಟು ವರ್ಷ, ಜಾಣೆ, ಕೆಟ್ಟವರಲ್ಲ. ಕೆಟ್ಟವರಲ್ಲದವರು ಕೆಟ್ಟ ಹಾಳೆಗಳನ್ನು ಟೈಪು ಮಾಡಿಸುವುದೇ ಈ ಲೋಕದ ದೊಡ್ಡ ಕಾಯಿಲೆ. ಕಿಟ್ಟುಗಳನ್ನು ಕೊಡಿಸಿದ ಕಂಪನಿಯ ಹಿರಿಯರು ಶನಿವಾರ ವೈಟ್‌ಫೀಲ್ಡಿಗೆ ಬರುತ್ತಾರೆ, ಒಂದು ಶಾಲೆಯ ಅಂಗಳದಲ್ಲಿ ವೇದಿಕೆ, ಶಾಮಿಯಾನ. ಹಂಚಲು ಕೈಯಲ್ಲಿ ಏನಾದರೂ ಇರಬೇಕು. ಆ ಶಾಲೆಯ ಸುತ್ತ ನೀರು ನುಗ್ಗಿಯೇ ಇರಲಿಲ್ಲ.

ನಿವೇದಿತಾ ತಾಳ್ಮೆಯಿಂದ ವಿವರಿಸಿದರು. ಪರಿಶೀಲನೆ ಮಾಡಿದ್ದು ಕಂಪನಿಯೇ ನೇಮಿಸಿದ ಏಜೆನ್ಸಿ. ನಂಬರು ಒಂದು, ಹೆಸರು ಇನ್ನೊಂದು ಬಂದರೆ ಅವರು ಅದನ್ನು ನಕಲಿ ಎಂದೇ ಬರೆಯುತ್ತಾರೆ. ತಾನು ಏನು ಮಾಡಲಿ ಎಂದರು.

"ಕಿಟಕಿ ಹತ್ರ ಬನ್ನಿ ಮೇಡಂ," ಎಂದರು ಸತ್ಯವತಿ.

ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಕೆರೆಯ ದಡದಲ್ಲಿ ಲಕ್ಷ್ಮಣಪ್ಪನ ಜಾಗ, ಬಿಸಿಲಿಗೆ ಹೊಳೆಯುವ ತಗಡುಗಳು, ಅವುಗಳ ನಡುವೆ ಹರವಿದ ಒದ್ದೆ ಬಟ್ಟೆಗಳು, ಓಡಾಡುತ್ತಿದ್ದ ಜನ. ಪತ್ತೆಯಾಗದವರು ಏಳನೇ ಮಹಡಿಯಿಂದ ಬರಿಗಣ್ಣಿಗೆ ಕಾಣುತ್ತಿದ್ದರು.

ನಿವೇದಿತಾ ಸ್ವಲ್ಪ ಹೊತ್ತು ನೋಡಿ, ಜನ ಇರಬಹುದು, ಆದರೆ ಪಟ್ಟಿಯಲ್ಲಿರುವ ಜನ ಅವರೇ ಎನ್ನಲು ಏನು ಆಧಾರ ಎಂದು ಕೇಳಿದರು. ಆಗ ಸತ್ಯವತಿ ಬ್ಯಾಗಿನಿಂದ ಹಾಳೆ ತೆಗೆದು, ಸಹಿಯ ಜಾಗ ಬಿಟ್ಟು ಅದರ ಕೆಳಗೆ ತಮ್ಮ ದುಂಡು ಅಕ್ಷರಗಳಲ್ಲಿ ಬರೆದರು. ಕುಟುಂಬಗಳು ಇವೆ, ನೋಡಿ ಬಂದಿದ್ದೇನೆ. ನಂಬರುಗಳನ್ನು ಮನುಷ್ಯರಿಗೆ ಕೊಡದೆ ತಗಡಿನ ಮೇಲೆ ಬರೆಸಿದ್ದು ನಾನು. ತಪ್ಪು ನನ್ನದು, ಅವರದಲ್ಲ.

"ಸತ್ಯಾ ಮೇಡಂ, ಹೀಗೆಲ್ಲ ಬರೀಬೇಡಿ," ನಿವೇದಿತಾ ಸತ್ಯವತಿಯವರ ಪೆನ್ನು ಹಿಡಿದು ತಡೆದರು. "ಮುಂದಿನ ತಿಂಗಳು ನಿಮ್ಮ ಕಾಂಟ್ರಾಕ್ಟ್ ರಿನ್ಯೂವಲ್ ಇದೆ. ಇದು ಫೈಲಿಗೆ ಹೋಗುತ್ತೆ."

"ಫೈಲಿಗೆ ಹೋಗ್ಲಿ ಅಂತಾನೇ ಬರ್ದೆ. ನನ್ನ ತಪ್ಪಿಗೆ ಅವರನ್ನ ಕಳ್ಳರು ಅಂತ ಮಾಡಕ್ಕೆ ನಾನು ಸಹಿ ಹಾಕಲ್ಲ."

ಅಕ್ಕಪಕ್ಕದವರ ಹೆಸರು ಕೇಳಿ ಗುರುತು ಹಿಡಿಯುವ ಉಪಾಯವನ್ನು ಸತ್ಯವತಿ ವಿವರಿಸಿದ ಮೇಲೆ ಕೊನೆಗೆ ಸಿಕ್ಕಿದ್ದು ಶುಕ್ರವಾರ ಸಂಜೆ ಐದರವರೆಗಿನ ಗಡುವು. ಅಷ್ಟರೊಳಗೆ ಎಷ್ಟು ಕುಟುಂಬಗಳ ಗುರುತು ಸಾಬೀತಾಗುತ್ತದೋ ಅಷ್ಟಕ್ಕೆ ಕಿಟ್ಟು. ಉಳಿದದ್ದು ವೈಟ್‌ಫೀಲ್ಡಿಗೆ.

ಪೀಣ್ಯದಲ್ಲಿ ಮಲ್ಲಿಕ್ ಎಂಬವನ ಪ್ರೆಸ್ ಶಾಪ್ ಇದೆ, ಹಿತ್ತಾಳೆ ವಾಷರು ಒತ್ತುವ ಜಾಗ. ಗೇರು ಕಾರ್ಖಾನೆಯ ಕಾಲದಿಂದ ಸತ್ಯವತಿಯವರಿಗೆ ಪರಿಚಯ. ಅವರು ಫೋನಿನಲ್ಲಿ ಅರವತ್ತಮೂರು ದೊಡ್ಡ ವಾಷರಿನ ಮೇಲೆ ಈ ಈ ನಂಬರು ಪಂಚ್ ಮಾಡಿಕೊಡಿ ಎಂದಾಗ ಮಲ್ಲಿಕ್ ಕೇಳಿದ್ದು, ಮುನಿಸಿಪಾಲ್ಟಿ ನಾಯಿಗೆ ಕಟ್ಟಕ್ಕಾ ಮೇಡಂ ಎಂದು. ಮನುಷ್ಯರ ಕೈಗೆ ಕೊಡಕ್ಕೆ ಎಂದರು ಇವರು. ಮಲ್ಲಿಕ್ ಮತ್ತೆ ತಮಾಷೆ ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಏಳರ ಹೊತ್ತಿಗೆ ತಾನೇ ಸುತ್ತಿಗೆ ಹಿಡಿದು ಒಂದೊಂದೇ ನಂಬರು ಒತ್ತಿ, ಅಂಚು ಕೈಗೆ ತರಚದಂತೆ ಉಜ್ಜಿ, ಹಳೆ ಸ್ವೀಟ್ ಡಬ್ಬದಲ್ಲಿ ಹಾಕಿಟ್ಟಿದ್ದ. ಎಷ್ಟಾಯಿತು ಎಂದರೆ, ನಮ್ಮ ಕಾರ್ಖಾನೆಯ ಹುಡುಗರು ರಾಜಗೋಪಾಲನಗರದಲ್ಲಿ ಲಾಕ್‌ಡೌನಿನಲ್ಲಿ ಯಾರ ಅಕ್ಕಿ ತಿಂದರು ಅಂದ್ಕೊಂಡ್ರಿ ಎಂದು ಶಟರಿನೊಳಗೆ ಹೋಗಿಬಿಟ್ಟ.

ಗುರುವಾರ ಇಡೀ ದಿನ ಸತ್ಯವತಿ ನಲ್ಲಿಯ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು. ಒಂದು ಕೈಯಲ್ಲಿ ಜುಲೈನ ಪಟ್ಟಿ, ತೊಡೆಯ ಮೇಲೆ ಸ್ವೀಟ್ ಡಬ್ಬ. ಬಂದವರಿಗೆ ಆಧಾರ್ ಕೇಳಲಿಲ್ಲ, ಓಟಿಪಿ ಕೇಳಲಿಲ್ಲ. ಮೊಬೈಲುಗಳೆಲ್ಲ ಕೆರೆಯ ನೀರು ಕುಡಿದು ಸತ್ತಿದ್ದವು. ಕೇಳಿದ್ದು ಒಂದೇ. ಎಡಕ್ಕೆ ಯಾರು, ಬಲಕ್ಕೆ ಯಾರು.

ಆ ಒಂದು ಪ್ರಶ್ನೆಗೆ ಜನ ಬಾಯಿ ಬಿಟ್ಟ ರೀತಿಯೇ ಬೇರೆ. ಪಕ್ಕದವನ ಹೆಸರಿನ ಜೊತೆಗೆ ಅವನ ಕುಡಿತ, ಅವನ ಹೆಂಡತಿಯ ಕೈರುಚಿ, ಗೋಡೆಗೆ ಕಿವಿಕೊಟ್ಟು ಕೇಳಿದ ಸಂಸಾರದ ಮಾತು, ನೀರು ಬಂದ ಬೆಳಗಿನ ಜಾವ ಯಾರು ಯಾರ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರು ಎಂಬುದು, ಎಲ್ಲ ಬಂತು. ಇಪ್ಪತ್ತಮೂರರವನು ಇಪ್ಪತ್ತನಾಲ್ಕರವನ ಮೇಲೆ ದೂರು ಹೇಳಿದ. ಅರ್ಧ ಗಂಟೆಯ ಮೇಲೆ ಇಪ್ಪತ್ತನಾಲ್ಕರವನು ಬಂದು ಅದೇ ದೂರನ್ನು ತಿರುಗಿಸಿ ಹೇಳಿದ. ಇಬ್ಬರ ಕೈಗೂ ಬಿಲ್ಲೆ ಬಂತು. ಮಧ್ಯಾಹ್ನದ ಮೇಲೆ ಲಕ್ಷ್ಮಣಪ್ಪ ತನ್ನ ಕಡೆಯ ಮೂವರನ್ನು ಸಾಲಿನಲ್ಲಿ ತೂರಿಸಿದ. ಅವರಲ್ಲಿ ಒಬ್ಬ ತಾನು ಅರವತ್ತರವನು ಎಂದ. ಎಡಕ್ಕೆ ಯಾರು ಎಂದರೆ ತಡವರಿಸಿ, ಎಡಕ್ಕೆ ಕೆರೆ ಇತ್ತು ಮೇಡಂ ಎಂದ.

"ಕೆರೆ ಹೆಸರು ಪಟ್ಟೀಲಿಲ್ಲಪ್ಪ," ಎಂದರು ಸತ್ಯವತಿ. "ಮುಂದಿನವರು ಬನ್ನಿ."

ಸಾಲಿನಲ್ಲಿದ್ದವರು ನಕ್ಕ ನಗೆಗೆ ಉಳಿದಿಬ್ಬರು ತಾವಾಗಿಯೇ ಹೊರಟುಹೋದರು.

ಶುಕ್ರವಾರ ಹತ್ತೂವರೆಗೆ ನಿವೇದಿತಾ ತಾವೇ ಬಂದರು. ಶೂ ಕೆಸರಾಯಿತು. ಪಟ್ಟಿಯನ್ನು ಕೈಗೆ ತೆಗೆದುಕೊಂಡು, ತಮ್ಮ ಮನಸ್ಸಿಗೆ ಬಂದ ಒಬ್ಬ ಮುದುಕಿಯನ್ನು ಕರೆದು, ಕಚೇರಿಯಲ್ಲಿ ಯಾರೂ ಕೇಳಿರದ ತಮ್ಮ ಊರಿನ ಮಾತಿನಲ್ಲಿ ಕೇಳಿದರು, ನಿಮ್ಮ ಬಾಜು ಯಾರಿದ್ರಬೇ ಯಮ್ಮಾ ಎಂದು. ಮುದುಕಿ ಹತ್ತು ನಿಮಿಷ ಹೇಳಿದಳು. ಪಟ್ಟಿಯಲ್ಲಿದ್ದದ್ದೂ ಅದೇ. ನಿವೇದಿತಾ ಪೀಣ್ಯಕ್ಕೆ ಫೋನು ಮಾಡಿ ಲಾರಿ ಬಿಡಲು ಹೇಳಿದರು. ಒಂದು ಗಂಟೆಯ ಹೊತ್ತಿಗೆ ಬಿಲ್ಲೆ ತೋರಿಸಿದವರ ಕೈಗೆ ನೀಲಿ ಬಕೆಟ್ಟುಗಳು ಬಂದವು. ಅರವತ್ತೆರಡು.

ಡಬ್ಬದಲ್ಲಿ ಒಂದು ಬಿಲ್ಲೆ ಉಳಿಯಿತು. ಎಂಬತ್ತೇಳು. ದೇವಿಂದ್ರಮ್ಮನ ಪಕ್ಕದ ಹಣಮಂತ. ಎಲ್ಲರೂ ಹೇಳಿದ್ದು ಒಂದೇ ಮಾತು: ಶೆಡ್ಡಿನಲ್ಲಿ ಜಾಗ ಸಿಗದೆ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದ. ಮೇಸ್ತ್ರಿಯೊಬ್ಬ ಬೇಗೂರಿನಲ್ಲಿ ಕೆಲಸ ಇದೆ ಅಂದಿದ್ದ. ಬೇಗೂರಿನಲ್ಲಿ ಎಲ್ಲಿ ಎಂದು ಗೊತ್ತಿಲ್ಲ. ಫೋನು ಹತ್ತುವುದಿಲ್ಲ.

ಅರವತ್ತೆರಡು ಬಹಳ ದೊಡ್ಡದು ಎಂದರು ನಿವೇದಿತಾ, ಮನಸಾರೆ. ಈ ಒಂದನ್ನು ಬೇರೆ ಕಡೆಗೆ ಹೋಗಿದ್ದಾರೆ ಎಂದು ಬರೆದು ಮುಗಿಸೋಣ ಎಂದೂ ಹೇಳಿದರು. ಇನ್ನೂ ಐದು ಗಂಟೆ ಆಗಿಲ್ಲ ಎಂದರು ಸತ್ಯವತಿ. ಕಿಟ್ಟನ್ನು ಟೆಂಪೊಗೆ ಹಾಕಿಸಿದರು.

ಇಲ್ಲಿ ಒಂದು ವಿಷಯ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಅದಕ್ಕೆ ಜಾಗ ಇರುವುದಿಲ್ಲ. ವೈಟ್‌ಫೀಲ್ಡಿನ ವೇದಿಕೆಯಲ್ಲಿ ಶನಿವಾರ ಭಾಷಣ ಮಾತ್ರ ನಡೆಯಿತು. ಮುಂದಿನ ವಾರ ಸತ್ಯವತಿಯವರಿಗೆ ನಿಗದಿತ ವಿಧಾನ ಮೀರಿದ್ದಕ್ಕೆ ನೋಟಿಸು ಬಂತು. ಕಾಂಟ್ರಾಕ್ಟನ್ನು ಒಂದು ವರ್ಷದ ಬದಲು ಮೂರು ತಿಂಗಳಿಗೆ ಮಾಡಿದರು. ತಪ್ಪು ನನ್ನದು ಎಂದು ಬರೆದವರಿಗೆ ಸಿಕ್ಕ ಬಹುಮಾನ ಇದು. ಪತ್ತೆಯಾಗಿಲ್ಲ ಎಂದು ಬರೆದ ಏಜೆನ್ಸಿಗೆ ಮುಂದಿನ ಕೆಲಸವೂ ಸಿಕ್ಕಿದೆ. ನೆರವು ಎಂಬುದನ್ನು ನಾವು ಕೊಡುವವರ ಅನುಕೂಲಕ್ಕೆ ಹೊಲಿಸಿಕೊಂಡ ಅಂಗಿ ಮಾಡಿಕೊಂಡಿದ್ದೇವೆ. ಅದು ತೊಡುವವರ ಮೈಗೆ ಹಿಡಿಸದಿದ್ದರೆ ಮೈಯನ್ನೇ ಪಟ್ಟಿಯಿಂದ ತೆಗೆಯುತ್ತೇವೆ.

ಬೇಗೂರು ಈಗ ಹಳ್ಳಿಯಲ್ಲ. ಹಳೆಯ ದೇವಸ್ಥಾನದ ಸುತ್ತ ಎತ್ತ ನೋಡಿದರೂ ಏಳುತ್ತಿರುವ ಕಟ್ಟಡ, ಪ್ರತಿ ಕಟ್ಟಡದ ನೆಲಮಾಳಿಗೆಯಲ್ಲೂ ಒಂದೊಂದು ಸಂಸಾರ. ಎರಡೂಮುಕ್ಕಾಲಿಗೆ ತಲುಪಿ ಮೂರು ಬೀದಿ ಸುತ್ತಿದರು. ಹಣಮಂತ ಎಂಬ ಹೆಸರಿಗೆ ಏಳು ಜನ ಸಿಕ್ಕರು, ಬೆಳ್ಳಂದೂರಿನವನು ಒಬ್ಬನೂ ಅಲ್ಲ. ಗಂಟೆ ಮೂರೂವರೆ ಆದಾಗ ಇರಣ್ಣ ಟೆಂಪೊ ನಿಲ್ಲಿಸಿದ.

"ಅಕ್ಕಾರ, ಹಿಂಗ ಕಟ್ಟಡ ಎಣಿಸಿದ್ರ ದಸರಾ ಬರತೈತ್ರಿ. ನಮ್ಮ ಕಡೀ ಮಂದಿ ಎಲ್ಲಿದ್ರೂ ಜ್ವಾಳದ ರೊಟ್ಟಿಗೆ ಬರಾಕ ಬೇಕು. ರೊಟ್ಟಿ ಅಂಗಡಿ ಹುಡುಕೂಣು."

ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಹಾಸಿದ ಬಿಳಿ ಬಟ್ಟೆಯ ಮೇಲೆ ಖಡಕ್ ರೊಟ್ಟಿ ಜೋಡಿಸಿಟ್ಟುಕೊಂಡ ಹೆಂಗಸೊಬ್ಬಳು ಸಿಕ್ಕಳು. ಇರಣ್ಣ ಮೊದಲು ಹತ್ತು ರೊಟ್ಟಿ, ಶೇಂಗಾ ಚಟ್ನಿ ಕೊಂಡ. ಆಮೇಲೆ ಊರು ಕೇಳಿದ, ಊರಿನ ಮಳೆ ಕೇಳಿದ. ಸತ್ಯವತಿ ವಾಚು ನೋಡಿಕೊಳ್ಳುತ್ತ ನಿಂತರು. ಐದನೇ ಮಾತಿಗೆ ಆಕೆಯೇ ಹೇಳಿದಳು, ಒಂದು ವಾರದಿಂದ ಹೊಸ ಗಿರಾಕಿ ಒಬ್ಬ ಬರುತ್ತಾನೆ, ಕೆರೆ ನೀರು ಎಲ್ಲ ಒಯ್ದಿತು ಎಂದು ಅಳುತ್ತಾನೆ, ನಾಲ್ಕನೇ ಬೀದಿಯ ಹಸಿರು ಪರದೆ ಕಟ್ಟಿದ ಕಟ್ಟಡ.

ಹಸಿರು ಪರದೆಯ ಹಿಂದೆ, ನೆಲಮಾಳಿಗೆಯ ಬಾಯಲ್ಲಿ, ತೆಳ್ಳಗಿನ ಮನುಷ್ಯನೊಬ್ಬ ಗಾರೆ ಕಲೆಸುತ್ತಿದ್ದ. ಒಳಗೆ ಸಿಮೆಂಟ್ ಚೀಲಗಳನ್ನು ಹಾಸಿ ಎರಡು ಮಕ್ಕಳನ್ನು ಮಲಗಿಸಿದ್ದರು. ಹೆಂಡತಿ ಒಂದೇ ಪಾತ್ರೆಯಲ್ಲಿ ಏನೋ ಬೇಯಿಸುತ್ತಿದ್ದಳು, ಆ ಪಾತ್ರೆಯೂ ಅಕ್ಕಪಕ್ಕದವರದಂತೆ. ಸೀರೆ ಉಟ್ಟು ಪಟ್ಟಿ ಹಿಡಿದ ಹೆಂಗಸನ್ನು ನೋಡಿ ಅವನು ಲಕ್ಷ್ಮಣಪ್ಪ ಬಾಕಿ ಬಾಡಿಗೆ ಕೇಳಲು ಕಳಿಸಿದ್ದಾನೆ ಎಂದುಕೊಂಡ. ಹೆಸರು ಕೇಳಿದಾಗ ಮುಖ ಕೆಳಗೆ ಹಾಕಿ ಹಣಮಂತ ಎಂದ.

ಇರಣ್ಣ ಆಗಲೇ ಬಕೆಟ್ಟು ಇಳಿಸಿದ್ದ. ಸತ್ಯವತಿ ತಡೆದರು.

"ಅಕ್ಕಾರ, ಇವನ ಹಣಮಂತ. ಬಾಯಿಬಿಟ್ಟು ಹೇಳ್ಯಾನಲ್ರಿ."

"ಎಲ್ಲರಿಗೂ ಕೇಳಿದ್ದನ್ನ ಇವರಿಗೂ ಕೇಳ್ಬೇಕು ಇರಣ್ಣ. ಇಲ್ದಿದ್ರೆ ಆ ಅರವತ್ತೆರಡೂ ಸುಳ್ಳಾಗುತ್ತೆ." ಆಮೇಲೆ ಅವನ ಕಡೆ ತಿರುಗಿದರು. "ಬೆಳ್ಳಂದೂರಲ್ಲಿ ನಿಮ್ಮ ಎಡಕ್ಕೆ ಯಾರಿದ್ರು?"

ಹಣಮಂತ ಗಾರೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇದು ಎಂಥ ಪ್ರಶ್ನೆ ಎಂಬಂತೆ ಹೆಂಡತಿಯ ಮುಖ ನೋಡಿದ. ಆಕೆ ಒಳಗಿನಿಂದಲೇ, ಹೇಳ್ರಿ, ಹೇಳಾಕೇನು ಎಂದಳು.

"ಎಡಕ್ಕ ದೇವಿಂದ್ರಮ್ಮ ಇದ್ಲರಿ," ಎಂದ. "ಬಾಯಿ ಬಾಳ ಜೋರು. ಆಕೀ ಕೋಳಿ ನಮ್ಮ ಒಲಿಯಾಗ ಬಂದು ತತ್ತಿ ಇಡತಿತ್ತು. ಅದಕ್ಕ ದಿನಾ ಜಗಳ."

ಸತ್ಯವತಿ ನಕ್ಕರು. ಮೂರು ದಿನದಲ್ಲಿ ಮೊದಲ ಸಲ, ಎಂದು ಇರಣ್ಣ ಆಮೇಲೆ ನನಗೆ ಹೇಳಿದ. ಸ್ವೀಟ್ ಡಬ್ಬದಿಂದ ಕೊನೆಯ ಬಿಲ್ಲೆ ತೆಗೆದು ಹಣಮಂತನ ಅಂಗೈಯಲ್ಲಿಟ್ಟರು. ಟೆಂಪೊದ ಬಾನೆಟ್ಟಿನ ಮೇಲೆ ಪಟ್ಟಿ ಇಟ್ಟು ಎಂಬತ್ತೇಳರ ಎದುರು ಗುರುತು ಹಾಕಿದರು. ನಿವೇದಿತಾಗೆ ಫೋನು ಮಾಡಿ ಅರವತ್ತಮೂರು ಎಂದರು. ಆಗ ನಾಲ್ಕೂ ನಲವತ್ತು.

ಇದನ್ನು ಏನು ಮಾಡಲಿ ಎಂದು ಹಣಮಂತ ಬಿಲ್ಲೆಯನ್ನು ತಿರುಗಿಸಿ ನೋಡುತ್ತ ಕೇಳಿದ. ಇಟ್ಟುಕೊಳ್ಳಿ ಎಂದರು ಸತ್ಯವತಿ. ಶೆಡ್ಡು ಯಾವುದಾದರೂ ಆಗಲಿ, ಊರು ಯಾವುದಾದರೂ ಆಗಲಿ, ಎಂಬತ್ತೇಳು ನೀವೇ. ಮಳೆ ಬಂದರೆ ನಾನು ಈ ನಂಬರು ಕೂಗುತ್ತೇನೆ, ನೀವು ಓಗೊಡಬೇಕು.

ಟೆಂಪೊ ಹೊರಟಾಗ ಅವನು ಬಕೆಟ್ಟನ್ನು ಎದೆಗೆ ಅವುಚಿಕೊಂಡು ಬೀದಿಯ ತುದಿಯವರೆಗೆ ಜೊತೆಗೇ ನಡೆದು ಬಂದ. ತಿರುವಿನಲ್ಲಿ ಕಿಟಕಿಗೆ ಬಾಗಿ ಒಂದು ಮಾತು ಹೇಳಿದ.

"ಆಕೀಗೆ ಹೇಳ್ರಿ ಅಕ್ಕೋರೆ. ತತ್ತಿ ನಾ ಒಬ್ಬನೇ ತಿಂದಿಲ್ಲ. ಆಕೀ ಮಗನೂ ತಿಂದಾನ."